ಹಬ್ಬಕ್ಕೂ ಮೊದಲಿನ ನಾಲ್ಕು ವಾರ

ಕ್ರಿಸ್‌ಮಸ್ ಬರುವುದು ಡಿಸೆಂಬರ್ 25ಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಅಂದು ಗೆಳೆಯರಿಂದ ಶುಭಾಶಯ ಬರುತ್ತದೆ, ಆಫೀಸಿನಲ್ಲಿ ಕೇಕ್ ಹಂಚುತ್ತಾರೆ, ಮಾಲ್‌ಗಳಲ್ಲಿ ಎತ್ತರದ ಮರದ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಆದರೆ ಹಬ್ಬ ಮಾಡುವ ಮನೆಯವರನ್ನು ವಿಚಾರಿಸಿ ನೋಡಿ. ಅವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಆ ಒಂದು ದಿನಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚಿನ ನಾಲ್ಕು ವಾರ. ಹಬ್ಬದ ದಿನ ನೋಡನೋಡುತ್ತಲೇ ಮುಗಿದುಹೋಗುತ್ತದೆ. ನಡುರಾತ್ರಿಯ ಪೂಜೆ, ಬೆಳಿಗ್ಗೆ ನೆಂಟರಿಷ್ಟರು, ಮಧ್ಯಾಹ್ನದ ಊಟ, ಸಂಜೆಗೆ ಆಕಳಿಕೆ. ಅದಕ್ಕಾಗಿ ಕಾಯುವ ದಿನಗಳು ಮಾತ್ರ ನಿಧಾನವಾಗಿ, ಅಡಿಗೆಮನೆಯಲ್ಲಿ, ನಮ್ಮ ಕೈಯಲ್ಲೇ ಕಳೆಯುತ್ತವೆ.

ಈ ಕಾಯುವ ದಿನಗಳಿಗೆ ಇಂಗ್ಲಿಷಿನಲ್ಲಿ ಅಡ್ವೆಂಟ್ ಎನ್ನುತ್ತಾರೆ. ಬರುವಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಕನ್ನಡದ ಚರ್ಚುಗಳಲ್ಲಿ ಇದು ಆಗಮನ ಕಾಲ. ಕ್ರಿಸ್‌ಮಸ್‌ನಿಂದ ನಾಲ್ಕು ಭಾನುವಾರ ಹಿಂದಕ್ಕೆ ಎಣಿಸಿದರೆ ಅದರ ಮೊದಲ ದಿನ ಸಿಗುತ್ತದೆ. ಅದು ಯಾವ ವರ್ಷವೂ ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3 ದಾಟುವುದೂ ಇಲ್ಲ. ಹಾಗಾಗಿ ಈ ಕಾಲ ಕಡಿಮೆಯೆಂದರೆ 22 ದಿನ, ಹೆಚ್ಚೆಂದರೆ 28 ದಿನ. ಕಾರ್ತಿಕದ ದೀಪಗಳು ಮುಗಿದು ಧನುರ್ಮಾಸದ ಚಳಿ ಹಿಡಿಯುವ ಹೊತ್ತು ಅದು. ಬೆಳಗಿನ ಜಾವ ಎದ್ದು ಹುಗ್ಗಿಯ ನೈವೇದ್ಯ ಮಾಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ ಮನೆಯೊಳಗೆ ಒಂದು ನಿಯಮ ಇಟ್ಟುಕೊಂಡು ಬೆಳಕಿಗಾಗಿ ಕಾಯುವುದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿಯೇ.

ಹೊರನಾಡಿನಲ್ಲಿ ಬದುಕುವ ನಮಗೆ ಕಾಯುವುದು ಇನ್ನೂ ಚೆನ್ನಾಗಿ ಗೊತ್ತು. ಊರಿನ ರೈಲಿನ ವೇಟಿಂಗ್ ಲಿಸ್ಟ್, ರಜೆ ಮಂಜೂರಾಗುವುದು, ದುಬೈಯಿಂದಲೋ ಕುವೈತ್‌ನಿಂದಲೋ ಮಗ ಬರುವುದು, ಆಸ್ಪತ್ರೆಯ ರಿಪೋರ್ಟು. ಇಂಥ ಕಾಯುವಿಕೆಯಲ್ಲಿ ಮನಸ್ಸು ಕುಗ್ಗುವುದು ಮಾಡಲು ಏನೂ ಕೆಲಸವಿಲ್ಲದಾಗ. ಆಗಮನ ಕಾಲದ ಮನೆ ಪದ್ಧತಿಗಳನ್ನು ಒಂದೊಂದಾಗಿ ನೋಡಿದರೆ ಅವುಗಳ ಗುಟ್ಟು ತಿಳಿಯುತ್ತದೆ. ಕಾಯುವವರ ಕೈಗೆ ದಿನಕ್ಕೊಂದು ಸಣ್ಣ ಕೆಲಸ ಕೊಡುತ್ತವೆ. ನೆಮ್ಮದಿ ಬರುವುದು ಅಲ್ಲಿಂದ.

ಮನೆಯಿಲ್ಲದ ಮಕ್ಕಳಿಗಾಗಿ ಹುಟ್ಟಿದ ದೀಪ

ಆಗಮನ ಕಾಲದ ಮನೆಯನ್ನು ಗುರುತು ಹಿಡಿಯುವುದು ನಾಲ್ಕು ಮೇಣದಬತ್ತಿಗಳಿಂದ. ಹಸಿರೆಲೆಗಳನ್ನು ಸಿಂಬೆಯಂತೆ ಸುತ್ತಿ, ಅದರಲ್ಲಿ ನಾಲ್ಕು ಬತ್ತಿ ನಿಲ್ಲಿಸುತ್ತಾರೆ. ಮೊದಲ ಭಾನುವಾರ ಒಂದು, ಎರಡನೆಯ ಭಾನುವಾರ ಎರಡು, ಹೀಗೆ ವಾರಕ್ಕೊಂದು ಹೆಚ್ಚು ಉರಿಯುತ್ತದೆ. ಭರವಸೆ, ಶಾಂತಿ, ಸಂತೋಷ, ಪ್ರೀತಿ ಎಂದು ನಾಲ್ಕಕ್ಕೂ ಹೆಸರಿಡುವ ರೂಢಿ ಅನೇಕ ಕಡೆ ಇದೆ. ಮೂರು ಬತ್ತಿ ನೇರಳೆ ಬಣ್ಣದವು, ಒಂದು ಗುಲಾಬಿ. ನೇರಳೆ ಸಂಯಮದ ಬಣ್ಣ. ಗುಲಾಬಿ ಬತ್ತಿ ಮೂರನೆಯ ಭಾನುವಾರದ್ದು. ಅರ್ಧ ದಾರಿ ದಾಟಿದೆ, ಸ್ವಲ್ಪ ನಗಿ ಎಂದು ಹೇಳಲು ಇಟ್ಟ ಬಣ್ಣ ಅದು.

ಇದು ಎಲ್ಲಿಂದ ಬಂತು ಎಂದು ಹುಡುಕಿದರೆ ನಾವು ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಬೇಕು. ಅಲ್ಲಿ ಯೋಹಾನ್ ಹಿನ್ರಿಚ್ ವಿಚೆರ್ನ್ ಎಂಬ ಪಾದ್ರಿ 1833ರಲ್ಲಿ ದಿಕ್ಕಿಲ್ಲದ ಬಡ ಮಕ್ಕಳಿಗಾಗಿ ಒಂದು ಆಶ್ರಯಧಾಮ ತೆರೆದರು. ಡಿಸೆಂಬರ್ ಬಂತೆಂದರೆ ಮಕ್ಕಳದು ಒಂದೇ ಪ್ರಶ್ನೆ, ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ? 1839ರಲ್ಲಿ ಅವರು ಒಂದು ಹಳೆಯ ಗಾಡಿಯ ಚಕ್ರ ತಂದು, ವಾರದ ದಿನಗಳಿಗೆ 20 ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ 4 ದೊಡ್ಡ ಬಿಳಿ ಬತ್ತಿ ಜೋಡಿಸಿದರು. ಆ ವರ್ಷ ಡಿಸೆಂಬರ್ 1 ಭಾನುವಾರವೇ ಆಗಿತ್ತು. ದಿನಕ್ಕೊಂದು ಬತ್ತಿ ಹಚ್ಚುತ್ತಾ ಹೋದರೆ ಮಕ್ಕಳಿಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಮುಂದೆ ಚಿಕ್ಕ ಮನೆಗಳಿಗೆ ಹೊಂದುವಂತೆ ಭಾನುವಾರದ ನಾಲ್ಕು ಬತ್ತಿಗಳಷ್ಟೇ ಉಳಿದವು. ಇಂದು ಮನೆಮನೆಯ ಪದ್ಧತಿ ಎನಿಸಿಕೊಂಡಿರುವ ಈ ದೀಪ ಮೊದಲು ಉರಿದದ್ದು ಸ್ವಂತ ಮನೆ ಎಂಬುದೇ ಇಲ್ಲದ ಮಕ್ಕಳ ನಡುವೆ. ಊರು ಬಿಟ್ಟು ಬಂದವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬತ್ತಿ ಕೊಳ್ಳಲು ದುಡ್ಡಿಲ್ಲದ ಮನೆಗಳಿಗೂ ದಾರಿಯಿತ್ತು. ಜರ್ಮನಿಯ ಕೆಲವು ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆಯುತ್ತಿದ್ದರು. ಮಗು ದಿನಕ್ಕೊಂದು ಗೆರೆ ಅಳಿಸಬೇಕು. ಇಂದು ಅಂಗಡಿಗಳಲ್ಲಿ ಚಾಕೊಲೇಟ್ ತುಂಬಿ ಮಾರುವ ಅಡ್ವೆಂಟ್ ಕ್ಯಾಲೆಂಡರ್ ಆ ಗೆರೆಗಳ ಮೊಮ್ಮಗು. ಅದನ್ನು 20ನೇ ಶತಮಾನದ ಆರಂಭದಲ್ಲಿ ಅಚ್ಚು ಹಾಕಿ ಮಾರಿದವರಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಮೊದಲಿಗರು. ಅವರು ಚಿಕ್ಕವರಿದ್ದಾಗ ತಾಯಿ ಒಂದು ರಟ್ಟಿನ ಮೇಲೆ 24 ಪುಟ್ಟ ಸಿಹಿ ತಿನಿಸುಗಳನ್ನು ಅಂಟಿಸಿ ದಿನಕ್ಕೊಂದು ಕೊಡುತ್ತಿದ್ದರಂತೆ. ದೊಡ್ಡ ವ್ಯಾಪಾರವಾಗಿ ಬೆಳೆದದ್ದರ ಬೇರು ಒಬ್ಬ ತಾಯಿಯ ಕೈಕೆಲಸದಲ್ಲಿತ್ತು.

ವಿಚೆರ್ನ್ ಆಶ್ರಯಧಾಮ ತೆರೆದ ಮರುವರ್ಷ, 1834ರಲ್ಲಿ, ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡಕ್ಕೆ ಹೋದರು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಅದೇ ಮಿಷನ್‌ನವರು, 1853ರಲ್ಲಿ ಬಂದವರು. ಆ ನಿಘಂಟು 1894ರಲ್ಲಿ ಹೊರಬಂತು. ಕಿಟೆಲ್ ಕನ್ನಡದಲ್ಲಿ ಕ್ರೈಸ್ತ ಗೀತೆಗಳನ್ನೂ ಬರೆದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕರ್ನಾಟಕದ ಪ್ರೊಟೆಸ್ಟಂಟ್ ಮನೆಗಳಲ್ಲಿ ಡಿಸೆಂಬರ್ ಎಂದರೆ ಹಾಡಿನ ತಿಂಗಳು. ಸಭೆಯ ಯುವಕರು ರಾತ್ರಿ ಮನೆಮನೆಗೆ ಬಂದು ಹಾಡುತ್ತಾರೆ. ಹಾಡಿದವರಿಗೆ ಬಿಸಿ ಕಾಫಿ, ಏನಾದರೂ ಕರಿದ ತಿಂಡಿ. ಹೊರನಾಡಿನಲ್ಲೂ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳು ಇವೆ. ವಾರವಿಡೀ ಹಿಂದಿ, ಮರಾಠಿ, ತಮಿಳು, ಇಂಗ್ಲಿಷ್ ಮಾತಾಡಿ ದಣಿದ ನಾಲಿಗೆಗೆ ಅಲ್ಲಿ ಅಜ್ಜಿ ಹಾಡುತ್ತಿದ್ದ ಕನ್ನಡ ಹಾಡು ಮತ್ತೆ ಸಿಗುತ್ತದೆ.

ಕುಸ್ವಾರ್ ಎಂಬ ಕೂಡು ಕೆಲಸ

ನಮ್ಮದು ದಕ್ಷಿಣ ಕನ್ನಡದ ಕಥೋಲಿಕ ಮನೆ. ಮನೆಮಾತು ಕೊಂಕಣಿ, ಓದು ಬರಹ ಕನ್ನಡ, ಅನ್ನ ಕೊಟ್ಟದ್ದು ಮುಂಬಯಿ. ಕರಾವಳಿಯ ಕೊಂಕಣಿ ಕಥೋಲಿಕರ ಹಿರಿಯರು ಶತಮಾನಗಳ ಹಿಂದೆ ಗೋವೆಯಿಂದ ಕೆನರಾಕ್ಕೆ ಬಂದವರು. ಕೆನರಾದಿಂದ ಅವರ ಮಕ್ಕಳು ಮೊಮ್ಮಕ್ಕಳು ಮುಂಬಯಿಗೆ ಬಂದರು. ಎರಡು ಸಲ ಊರು ಬದಲಿಸಿದ ಈ ಜನ ತಮ್ಮ ಜೊತೆ ಕಟ್ಟಿಕೊಂಡು ಬಂದದ್ದರಲ್ಲಿ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ಕೂಡ ಒಂದು.

ಕುಸ್ವಾರ್ ಎಂದರೆ ಒಂದು ತಿಂಡಿಯಲ್ಲ, ತಟ್ಟೆ ತುಂಬ ತಿಂಡಿಗಳ ಬಳಗ. ಎಳ್ಳು, ಕೊಬ್ಬರಿ, ಸಕ್ಕರೆ, ಒಣದ್ರಾಕ್ಷಿ ತುಂಬಿದ ನೆವ್ರಿಯೊ ನಮ್ಮ ಕರ್ಜಿಕಾಯಿಯ ಒಡಹುಟ್ಟು. ಕಾಯಿಸಿದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸಿದರೆ ಬಿಚ್ಚಿಕೊಳ್ಳುವ ಹೂವು ಕೊಕ್ಕಿಸಾಂ. ಅಚ್ಚನ್ನು ಪೂರ್ತಿ ಮುಳುಗಿಸಿದರೆ ಹೂವು ಅಚ್ಚಿನಿಂದ ಬಿಡುವುದೇ ಇಲ್ಲ. ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಗುಳಿಯೊ ಅಕ್ಕಿಹಿಟ್ಟಿನ ಪುಟ್ಟ ಗುಂಡುಗಳು. ಎಣ್ಣೆಯಲ್ಲಿ ಸಿಡಿಯಬಹುದೆಂದು ಅದನ್ನು ಕರಿಯುವಾಗ ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಜೊತೆಗೆ ಶಂಕರಪೋಳಿಯಂತೆ ಕತ್ತರಿಸಿದ ತುಕ್ಡಿ, ಚಕ್ಕುಲಿ, ಅಕ್ಕಿ ಉಂಡೆ. ಎಲ್ಲದರ ನಡುವೆ ತಿಂಗಳುಗಟ್ಟಲೆ ರಮ್‌ನಲ್ಲಿ ನೆನೆಸಿದ ದ್ರಾಕ್ಷಿಯ ಕೇಕ್.

ಆದರೆ ಮನೆಯವರನ್ನೆಲ್ಲ ಒಂದೆಡೆ ಕೂರಿಸುವ ತಿಂಡಿ ಕಿಡಿಯೊ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ನಗರದಲ್ಲಿ ಇದಕ್ಕೆ ಕಲ್‌ಕಲ್ ಎಂದು ಮರ್ಯಾದಸ್ಥ ಹೆಸರಿದೆ. ಮೈದಾ, ತೆಂಗಿನಹಾಲು ಸೇರಿಸಿ ನಾದಿದ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಅಥವಾ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಒಂದು ಸುರುಳಿಗೆ ಹತ್ತು ಸೆಕೆಂಡು. ಒಂದು ಕಿಲೋ ಹಿಟ್ಟಿಗೆ ನೂರಾರು ಸುರುಳಿ. ಒಬ್ಬರೇ ಕುಳಿತರೆ ಬೆನ್ನು ಮುರಿಯುತ್ತದೆ, ಎಂಟು ಜನ ಕುಳಿತರೆ ಒಂದು ಸಂಜೆಯ ಹರಟೆ. ಆದ್ದರಿಂದ ಈ ತಿಂಡಿ ಇದ್ದ ಮನೆಯಲ್ಲಿ ಒಂದು ಸಂಜೆಯಾದರೂ ಟಿವಿ ಆರಿ, ಡೈನಿಂಗ್ ಟೇಬಲ್ಲಿನ ಮೇಲೆ ಹಳೆ ಪೇಪರ್ ಹಾಸಿ, ಎಲ್ಲರೂ ಕೂರಲೇಬೇಕು. ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. ಕೈ ಓಡುತ್ತಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. ಹದಿನಾರು ವರ್ಷದ ಹುಡುಗ ಪರೀಕ್ಷೆಯಲ್ಲಿ ಏನಾಯಿತೆಂದು ಎದುರಾಬದುರು ಕೂರಿಸಿ ಕೇಳಿದರೆ ಹೇಳುವುದಿಲ್ಲ. ಕಿಡಿಯೊ ಸುತ್ತುತ್ತಾ, ಕಣ್ಣು ಫೋರ್ಕಿನ ಮೇಲಿಟ್ಟು, ಹೇಳಿಬಿಡುತ್ತಾನೆ.

ಕೆಲಸಕ್ಕೊಂದು ಕ್ರಮವೂ ಇದೆ. ಬಹಳ ದಿನ ಕೆಡದೆ ಉಳಿಯುವ ತುಕ್ಡಿ, ಕಿಡಿಯೊ ಮೊದಲು. ಬೇಗ ಮೆತ್ತಗಾಗುವಂಥವು ಕೊನೆಗೆ. ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಗೆ ಹೋಗಿ, ಡಬ್ಬಿ ಕಪಾಟಿನ ಮೇಲಕ್ಕೆ ಹೋಗುತ್ತದೆ. ಹಬ್ಬದವರೆಗೆ ಮುಟ್ಟುವಂತಿಲ್ಲ. ಮುರಿದ ಚೂರುಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಕೊಕ್ಕಿಸಾಂ ಮಾಡುವ ದಿನ ಮಕ್ಕಳಿರುವ ಮನೆಯಲ್ಲಿ ಹೂವುಗಳು ಸ್ವಲ್ಪ ಜಾಸ್ತಿಯೇ ಮುರಿಯುತ್ತವೆ.

ಖಾಲಿ ಗೋದಲಿ

ಕುಸ್ವಾರ್ ಅಡಿಗೆಮನೆಯದಾದರೆ, ಗೋದಲಿ ಹಜಾರದ್ದು. ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವ ಈ ರೂಢಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಏರ್ಪಡಿಸಿದ ಗೋದಲಿಯಿಂದ ಹಬ್ಬಿತೆನ್ನುತ್ತಾರೆ. ಮಂಗಳೂರು ಕಡೆಯ ಅಂಗಳಗಳಲ್ಲಿ ಬೈಹುಲ್ಲು, ಕಲ್ಲು, ಮಣ್ಣಿನಿಂದ ದೊಡ್ಡ ಗೋದಲಿ ಏಳುತ್ತದೆ. ಮುಂಬಯಿಯ ಫ್ಲಾಟಿನಲ್ಲಿ ಅದಕ್ಕೆ ಸಿಗುವುದು ಚಪ್ಪಲಿ ಸ್ಟ್ಯಾಂಡಿನ ಮೇಲ್ಭಾಗ ಅಥವಾ ಹೊಲಿಗೆ ಯಂತ್ರದ ಹಲಗೆ. ಮುದುಡಿದ ಕಂದು ಕಾಗದವೇ ಬೆಟ್ಟ, ಒಡೆದ ಕನ್ನಡಿಯ ತುಂಡು ಕೆರೆ. ಪ್ರತಿವರ್ಷ ಯಾವುದಾದರೂ ಕುರಿಯ ಕಾಲು ಮುರಿದಿರುತ್ತದೆ. ಅದನ್ನು ಬೆಟ್ಟಕ್ಕೆ ಒರಗಿಸಿ ನಿಲ್ಲಿಸುತ್ತಾರೆ, ಎಸೆಯುವುದಿಲ್ಲ.

ಗೋದಲಿಗೆ ಹೊಲ ಬೇಕಲ್ಲ. ಅದಕ್ಕೆ ಡಿಸೆಂಬರ್ ಎರಡನೆಯ ವಾರದಲ್ಲಿ ತೆಂಗಿನ ಚಿಪ್ಪುಗಳಲ್ಲೋ ತಟ್ಟೆಗಳಲ್ಲೋ ಸ್ವಲ್ಪ ಮಣ್ಣು ಹಾಕಿ ರಾಗಿ, ಭತ್ತ, ಹೆಸರುಕಾಳು ಬಿತ್ತುತ್ತಾರೆ. ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಪೈರು. ನವರಾತ್ರಿಯಲ್ಲಿ ಘಟ್ಟ ಹಾಕುವ ಉತ್ತರ ಕರ್ನಾಟಕದ ಮನೆಗಳವರಿಗೆ ಇದು ನೋಡಿದ ಕೂಡಲೇ ಗುರುತು ಸಿಗುತ್ತದೆ. ಚಳಿಯಲ್ಲಿ ಹೊಲವೆಲ್ಲ ಹಿಮದಡಿ ಮಲಗುವ ಜರ್ಮನಿಯಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ. ಡಿಸೆಂಬರ್ 4 ಸಂತ ಬಾರ್ಬರಾಳ ದಿನ. ಅಂದು ಚೆರಿ ಮರದ ಒಣಗಿದಂತಿರುವ ರೆಂಬೆ ಕಡಿದು ತಂದು ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿಡುತ್ತಾರೆ. ಮೂರು ವಾರಕ್ಕೆ, ಕ್ರಿಸ್‌ಮಸ್‌ಗೆ ಸರಿಯಾಗಿ, ಅದು ಹೂ ಬಿಡಬೇಕು. ಬಿಟ್ಟರೆ ಬರುವ ವರ್ಷ ಶುಭ ಎಂಬ ನಂಬಿಕೆ. ಮಣ್ಣು ಬೇರೆ, ಹವೆ ಬೇರೆ, ಆದರೆ ಎರಡೂ ಕಡೆ ಮಕ್ಕಳು ಬೆಳಿಗ್ಗೆ ಎದ್ದ ಕೂಡಲೇ ಓಡಿ ಬಂದು ನೋಡುವುದು ಒಂದನ್ನೇ, ಚಿಗುರಿತೇ ಇಲ್ಲವೇ ಎಂದು.

ಗೋದಲಿಯಲ್ಲಿ ಮರಿಯಳೂ ಯೋಸೇಫರೂ ಬಂದು ನಿಂತಿರುತ್ತಾರೆ. ಕುರುಬರು, ದನ, ಕತ್ತೆ ಎಲ್ಲ ಇರುತ್ತವೆ. ನಡುವಿನ ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ಕೂಸಿನ ಬೊಂಬೆಯನ್ನು 24ರ ನಡುರಾತ್ರಿಯವರೆಗೆ ಇಡುವುದಿಲ್ಲ. ಅದು ಎಲ್ಲೋ ಬೀರುವಿನಲ್ಲಿ ಹತ್ತಿಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳು ಒಂದು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಆ ತೊಟ್ಟಿಲಿಗೆ ಒಂದು ಹುಲ್ಲುಕಡ್ಡಿ ಹಾಕುತ್ತಾರೆ. ಕೂಸು ಬರುವಷ್ಟರಲ್ಲಿ ಹಾಸಿಗೆ ಮೆತ್ತಗಾಗಬೇಕು. ತಮ್ಮನಿಗೆ ಪೆನ್ಸಿಲ್ ಕೊಟ್ಟದ್ದಕ್ಕೆ ಎರಡು ಕಡ್ಡಿ ಹಾಕಬಹುದೇ ಎಂಬ ಚೌಕಾಸಿಯೂ ನಡೆಯುತ್ತದೆ.

ಸಂಜೆಯ ಪ್ರಾರ್ಥನೆ ಈ ಗೋದಲಿಯ ಮುಂದೆ. ಹಸಿರು ಸಿಂಬೆಯ ಬತ್ತಿ ಹಚ್ಚಿ, ಜಪಸರ ಹಿಡಿದು ಪ್ರಾರ್ಥನೆ ಮುಗಿಸಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ಬೆಳಿಗ್ಗೆ ತಾನೇ ಜಗಳವಾಡಿದ ಅಪ್ಪ ಮಗನಿಗೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕ್ಷಮೆ ಕೇಳುವ ಮಾತು ಬಾಯಿಗೆ ಬಾರದಿದ್ದರೂ ತಲೆಯ ಮೇಲೆ ಕೈ ಬಿದ್ದಿರುತ್ತದೆ.

ಬಾರದವರಿದ್ದ ವರ್ಷ

ಎಲ್ಲ ವರ್ಷವೂ ಎಲ್ಲರೂ ಬರುವುದಿಲ್ಲ. ರೈಲ್ವೆಯವರು ಮುಂಗಡ ಟಿಕೆಟಿನ ಅವಧಿಯನ್ನು 2024ರ ನವೆಂಬರಿನಿಂದ 120 ದಿನದ ಬದಲು 60 ದಿನಕ್ಕೆ ಇಳಿಸಿದ ಮೇಲೆ, ಕ್ರಿಸ್‌ಮಸ್‌ಗೆ ಊರಿಗೆ ಹೋಗುವವರು ಅಕ್ಟೋಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರುತ್ತಾರೆ. ಕೆಲವರಿಗೆ ಸಿಗುತ್ತದೆ, ಉಳಿದವರಿಗೆ ವೇಟಿಂಗ್ ಲಿಸ್ಟ್. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು ಘಾಟಿ ಹತ್ತಿ ಇಳಿಯುವ ಬಸ್ಸಿನಲ್ಲಿ ಮಂಗಳೂರು ತಲುಪುವುದೇ ಒಂದು ತಪಸ್ಸಾಗಿತ್ತು. ಹೋಗಲಾಗದವರು ಇಲ್ಲೇ ಮನೆ ಕಟ್ಟಿಕೊಂಡರು. ಮುಂಬಯಿಯ ಧೋಬಿ ತಲಾವ್ ಸುತ್ತಮುತ್ತ ಗೋವೆಯ ಹಡಗು ಕೆಲಸಗಾರರಿಗಾಗಿ ಊರಿಗೊಂದರಂತೆ ಇದ್ದ ಕುಡ್ಡ್‌ಗಳಲ್ಲಿ, ಗೋಡೆಗೆ ಸಾಲಾಗಿ ಟ್ರಂಕು ಜೋಡಿಸಿದ ಕೋಣೆಯಲ್ಲೇ ಒಂದು ಪೀಠವಿರುತ್ತಿತ್ತು. ಸಂಜೆ ಅಲ್ಲಿ ಎಲ್ಲರೂ ಕೂಡಿ ಜಪಸರ ಹೇಳಬೇಕೆಂಬುದು ಅಲ್ಲಿನ ಕಟ್ಟಳೆ. ಹೆಂಡತಿ ಮಕ್ಕಳು ದೂರವಿದ್ದರೂ ಅದೇ ಹೊತ್ತಿಗೆ ಊರಿನಲ್ಲೂ ಅದೇ ಪ್ರಾರ್ಥನೆ ನಡೆಯುತ್ತಿರುತ್ತದೆಂಬ ಧೈರ್ಯ ಅವರಿಗಿತ್ತು.

ಇನ್ನು ಮುಂದೆಂದೂ ಬಾರದವರೂ ಇರುತ್ತಾರೆ. ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡದಿರುವುದು ನಮ್ಮ ಎಷ್ಟೋ ಮನೆಗಳ ರೂಢಿ. ಎಣ್ಣೆ ಇಡುವುದಿಲ್ಲ, ನಕ್ಷತ್ರ ತೂಗುಹಾಕುವುದಿಲ್ಲ. ಸಾವಾದ ವರ್ಷ ದೀಪಾವಳಿಗೆ ಕರಿಯದ ಮನೆಗಳು ನಿಮಗೆ ಗೊತ್ತಿರುತ್ತವೆ.

ನಮ್ಮ ಪಪ್ಪ ಒಂದು ಆಗಸ್ಟ್ ತಿಂಗಳಲ್ಲಿ ತೀರಿಕೊಂಡರು. ನವೆಂಬರ್ ಕೊನೆಗೆ ಅಮ್ಮ, ಈ ಸಲ ಏನೂ ಬೇಡ ಎಂದರು. ಯಾರೂ ಎದುರಾಡಲಿಲ್ಲ. ಆದರೆ ಮೊದಲ ಭಾನುವಾರ ಸಂಜೆ ಅವರೇ ಎದ್ದು ಹೋಗಿ ಕಟ್ಟಡದ ಕೆಳಗಿನ ಅಶೋಕ ಮರದಿಂದ ಎಲೆ ತಂದು ಸಿಂಬೆ ಸುತ್ತಿದರು. ಹಬ್ಬ ಬೇಡ, ದೀಪ ಇರಲಿ ಎಂದಷ್ಟೇ ಹೇಳಿದರು. ಅದು ಸರಿಯೂ ಆಗಿತ್ತು. ಆಗಮನ ಕಾಲ ಗದ್ದಲದ ಕಾಲವಲ್ಲ. ಚರ್ಚಿನಲ್ಲೂ ಈ ಭಾನುವಾರಗಳಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ, ಪೀಠದ ಹೂವಿನ ಅಲಂಕಾರ ಮಿತವಾಗಿರುತ್ತದೆ. ದುಃಖದಲ್ಲಿರುವವರು ಅಲ್ಲಿ ಮುಖ ಮರೆಸಿಕೊಳ್ಳಬೇಕಾಗಿಲ್ಲ.

ನಮ್ಮಲ್ಲಿ ಬತ್ತಿ ಹಚ್ಚಲು ಸರದಿ ಇತ್ತು. ಮೊದಲ ವಾರ ಮನೆಯ ಅತಿ ಕಿರಿಯರು, ಎರಡನೆಯ ವಾರ ಮಕ್ಕಳಲ್ಲಿ ದೊಡ್ಡವರು, ಮೂರನೆಯದು ಅಮ್ಮ, ನಾಲ್ಕನೆಯದು ಅಪ್ಪ. ಬಹಳ ಮನೆಗಳಲ್ಲಿ ಹೀಗೆಯೇ. ಮೂರು ವಾರ ಹೇಗೋ ಕಳೆಯಿತು. ನಾಲ್ಕನೆಯ ಭಾನುವಾರ ಬೆಂಕಿಪೊಟ್ಟಣ ಗೋದಲಿಯ ಪಕ್ಕದಲ್ಲೇ ಇತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಅಣ್ಣನ ಆರು ವರ್ಷದ ಮಗಳು, ಅಜ್ಜನ ಬತ್ತಿ ಯಾರು ಹಚ್ಚುವುದು ಎಂದು ಕೇಳಿಯೇಬಿಟ್ಟಳು. ಅಮ್ಮ ಕಡ್ಡಿ ಗೀರಿ ಅವಳ ಕೈಗೆ ಕೊಟ್ಟು, ಆ ಕೈಯನ್ನು ತಾನು ಹಿಡಿದುಕೊಂಡು, ನಾಲ್ಕನೆಯದನ್ನು ಹಚ್ಚಿಸಿದರು. ಅಂದಿನಿಂದ ಆ ವಾರದ ಸರದಿ ಇಬ್ಬರದು.

ಆ ವಾರವೇ ಬಾಗಿಲು ಬಡಿಯತೊಡಗಿತು. ಎರಡನೆಯ ಮಹಡಿಯ ಶೆಟ್ಟಿ ಆಂಟಿ, ಎದುರು ಮನೆಯ ಗುಜರಾತಿ ಬೆನ್, ನಮ್ಮ ಚರ್ಚಿನ ನಾಲ್ಕೈದು ಮನೆಯವರು. ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ತಟ್ಟೆ. ಕುಸ್ವಾರ್ ಮಾಡದ ಮನೆಯಲ್ಲಿ ಆ ಸಲ ಒಂಬತ್ತು ಮನೆಯ ತಿಂಡಿ ಇತ್ತು. ಬೇರೆ ಬೇರೆ ಫೋರ್ಕಿನ ಗೆರೆಗಳ ಕಿಡಿಯೊ. ಅಮ್ಮ ಪ್ರತಿಯೊಬ್ಬರಿಗೂ ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ ಎಂದರು. ಮಾಡುವವರು ಮಾಡಲಾಗದ ವರ್ಷ ಉಳಿದವರು ಮಾಡಿ ಕೊಡಬೇಕೆಂಬುದೂ ಪದ್ಧತಿಯ ಒಳಗೇ ಇತ್ತು ಎಂಬುದು ನನಗೆ ಅಂದು ಸರಿಯಾಗಿ ಅರ್ಥವಾಯಿತು.

ಕೆಲಸ ಹಂಚಿದರೆ ಮಾತ್ರ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದೆ ಹೋಗುವಂತಿಲ್ಲ. ಈ ನೆಮ್ಮದಿಯನ್ನು ನಮ್ಮ ಹಿಂದಿನವರು ಬಹಳ ಸಲ ಒಬ್ಬಳೇ ಹೆಂಗಸಿನ ಬೆನ್ನ ಮೇಲೆ ಹೊರಿಸಿದ್ದರು. ಗಂಡಸರು ನಕ್ಷತ್ರಕ್ಕೆ ಬಲ್ಬು ಹಾಕಿ ಕೈ ತೊಳೆದುಕೊಂಡರೆ, ಉಳಿದ ನಾದುವುದು, ಕರಿಯುವುದು, ತೊಳೆಯುವುದು, ಹಂಚುವುದು ಎಲ್ಲ ಅವಳದು. ಇಂದು ಅವಳು ಬೆಳಿಗ್ಗೆ ಏಳು ಇಪ್ಪತ್ತರ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮನೆಗೆ ಬರುತ್ತಾಳೆ. ಅಮ್ಮ ಮಾಡುತ್ತಿದ್ದಂತೆ ಹನ್ನೆರಡು ತಿಂಡಿ ಆಗಲಿಲ್ಲವೆಂದು ಅವಳು ಕೊರಗಿದರೆ ಅದು ಆಗಮನ ಕಾಲವಲ್ಲ, ಅಡಿಗೆ ಕಾಲ. ಬೇಕರಿಯಿಂದ ಕುಸ್ವಾರ್ ಡಬ್ಬಿ ತರುವುದರಲ್ಲಿ ಯಾವ ತಪ್ಪೂ ಇಲ್ಲ. ಎಷ್ಟೋ ಹೆಂಗಸರು ಮನೆಯಲ್ಲೇ ಮಾಡಿ ಮಾರಿ ಸಂಸಾರ ತೂಗಿಸುತ್ತಾರೆ, ಅವರಿಗೂ ಇದು ದುಡಿಮೆಯ ಕಾಲ.

ಆದರೆ ಒಂದಾದರೂ ಕೆಲಸ ಮನೆಯಲ್ಲಿ ಉಳಿಯಲಿ, ಮತ್ತು ಅದು ಎಲ್ಲರ ಕೈಗೂ ಬೀಳಲಿ. ಡಬ್ಬಿಯಲ್ಲಿ ರುಚಿ ಬರುತ್ತದೆ, ಟೇಬಲ್ಲಿನ ಸುತ್ತ ಕುಳಿತ ಸಂಜೆ ಬರುವುದಿಲ್ಲ. ಮಾಲ್‌ಗಳಲ್ಲಿ ನವೆಂಬರ್ ನಡುವಿಗೇ ಕ್ರಿಸ್‌ಮಸ್ ಬಂದುಬಿಡುತ್ತದೆ. ಅಲ್ಲಿ ಕಾಯುವುದಕ್ಕೆ ಜಾಗವೇ ಇಲ್ಲ, ಎಲ್ಲವೂ ಇಂದೇ ಸಿಗಬೇಕು. ಕೆಲವೇ ನಿಮಿಷಗಳಲ್ಲಿ ಎಲ್ಲವನ್ನೂ ಮನೆ ಬಾಗಿಲಿಗೆ ತರಿಸಿಕೊಳ್ಳುವ ಮಕ್ಕಳಿಗೆ, ಇಪ್ಪತ್ತನಾಲ್ಕು ದಿನ ಕಾದು ಪಡೆಯುವ ಒಂದು ವಸ್ತುವಾದರೂ ಇರಬೇಡವೇ?

ಈ ವರ್ಷ ಶುರು ಮಾಡುವವರಿಗೆ

ಹೊಸದಾಗಿ ಸಂಸಾರ ಹೂಡಿದವರು, ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಂಟಿಯಾಗಿ ಇರುವವರು, ಹೇಗೆ ಶುರು ಮಾಡುವುದು ಎಂದು ಕೇಳುತ್ತಾರೆ. ಅದಕ್ಕೆ ದೊಡ್ಡ ಸಿದ್ಧತೆ ಬೇಕಾಗಿಲ್ಲ.

ಮೊದಲನೆಯದಾಗಿ ಹೊತ್ತು ಗೊತ್ತು ಮಾಡಿಕೊಳ್ಳಿ. 2026ರಲ್ಲಿ ಮೊದಲ ಭಾನುವಾರ ನವೆಂಬರ್ 29. ಆ ದಿನದಿಂದ ನಾಲ್ಕು ಭಾನುವಾರ ಸಂಜೆ ಅರ್ಧ ಗಂಟೆ ಮನೆಯವರಿಗೇ ಮೀಸಲಿಡಿ. ನೇರಳೆ ಬತ್ತಿ ಸಿಗದಿದ್ದರೆ ಬಿಳಿ ಬತ್ತಿಗೆ ನೇರಳೆ ರಿಬ್ಬನ್ ಕಟ್ಟಿದರಾಯಿತು. ಪೈನ್ ಎಲೆಗಾಗಿ ಹುಡುಕಬೇಡಿ. ಕರಾವಳಿಯವರು ಕ್ರಿಸ್‌ಮಸ್ ಮರಕ್ಕೆ ಗಾಳಿಮರದ ಕೊಂಬೆಯನ್ನೇ ಕಡಿದು ತಂದವರು. ಅಶೋಕದ ಎಲೆ, ಕ್ರೋಟನ್ ಎಲೆ, ಕುಂಡದ ತುಳಸಿಯ ಪಕ್ಕದಲ್ಲಿ ಬೆಳೆದ ಯಾವ ಹಸಿರಾದರೂ ನಡೆಯುತ್ತದೆ. ಬತ್ತಿಯನ್ನು ಹಚ್ಚಿ ಕೋಣೆ ಬಿಟ್ಟು ಹೋಗಬೇಡಿ, ಒಣಗಿದ ಎಲೆಗಳನ್ನು ವಾರಕ್ಕೊಮ್ಮೆ ಬದಲಿಸಿ.

ಮಕ್ಕಳಿದ್ದರೆ ಬೊಗಸೆ ರಾಗಿ ಬಿತ್ತಿಸಿ. ನೀರು ಹಾಕುವ ಜವಾಬ್ದಾರಿ ಅವರದೇ ಇರಲಿ. ಗೋಡೆಗೆ ಒಂದು ಹಾಳೆ ಅಂಟಿಸಿ 24 ಗೆರೆ ಎಳೆಯಿರಿ, ಚಾಕೊಲೇಟಿನ ಕ್ಯಾಲೆಂಡರಿಗೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ. ಒಂದೇ ಒಂದು ತಿಂಡಿ ಆರಿಸಿಕೊಳ್ಳಿ, ಅದನ್ನು ಪ್ರತಿವರ್ಷ ಅದೇ ವಾರ ಮಾಡಿ. ಮಕ್ಕಳು ಬೇರೆ ಊರಿನಲ್ಲಿದ್ದರೆ ವಿಡಿಯೊ ಕಾಲ್ ಹಾಕಿ ಎರಡೂ ಕಡೆ ಒಟ್ಟಿಗೆ ಬತ್ತಿ ಹಚ್ಚಬಹುದು. ಅಲ್ಲಿ ಮಧ್ಯಾಹ್ನ, ಇಲ್ಲಿ ರಾತ್ರಿ ಇದ್ದರೂ ಚಿಂತೆಯಿಲ್ಲ.

ನಾಲ್ಕನೆಯ ಭಾನುವಾರ ಸಿಂಬೆಯನ್ನು ಒಮ್ಮೆ ಗಮನಿಸಿ. ನಾಲ್ಕು ವಾರವೂ ಉರಿದ ಮೊದಲ ಬತ್ತಿ ಗಿಡ್ಡಗಾಗಿರುತ್ತದೆ, ಎರಡನೆಯದು ಅದಕ್ಕಿಂತ ಸ್ವಲ್ಪ ಎತ್ತರ, ಮೂರನೆಯದು ಇನ್ನೂ ಎತ್ತರ, ನಾಲ್ಕನೆಯದು ಹೊಸದರಂತೆಯೇ. ನಾಲ್ಕೂ ಸೇರಿ ಮೆಟ್ಟಿಲುಗಳಂತೆ ಕಾಣುತ್ತವೆ. ಹೆಚ್ಚು ಕಾಲ ಉರಿದದ್ದು ಹೆಚ್ಚು ಕರಗಿದೆ. ಮನೆಯ ಹಿರಿಯರ ಕಡೆ ಒಮ್ಮೆ ನೋಡಿದರೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಹಬ್ಬ ಆಚರಿಸದ ಓದುಗರಿಗೂ ಒಂದು ಮಾತು. ಡಿಸೆಂಬರ್ ಕೊನೆಗೆ ನಿಮ್ಮ ಮಹಡಿಯ ಯಾವುದಾದರೂ ಮನೆಯಿಂದ ಬಟ್ಟೆ ಮುಚ್ಚಿದ ತಟ್ಟೆ ಬರಬಹುದು. ಅದರಲ್ಲಿರುವ ವಕ್ರ ವಕ್ರ ಸುರುಳಿ ಆ ಮನೆಯ ಚಿಕ್ಕ ಮಗುವಿನ ಕೈಯದು, ಸಮನಾದ ಗೆರೆಗಳದ್ದು ಅಜ್ಜಿಯದು. ತಿಂದು ನೋಡಿ, ಯಾರು ಯಾವುದನ್ನು ಮಾಡಿದರೆಂದು ಆ ಮಗುವನ್ನು ವಿಚಾರಿಸಿ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮೆಲ್ಲರ ಮನೆಯ ರೂಢಿ. ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರೂ ಸಾಕು. ಆ ವರ್ಷ ಅವರ ಮನೆಯಿಂದ ತಟ್ಟೆ ಬರಲಿಲ್ಲವೆಂದರೆ, ನೀವೇ ಒಂದು ತಟ್ಟೆ ಹಿಡಿದು ಅವರ ಬಾಗಿಲು ಬಡಿಯಿರಿ.